ಬಸುರಿಯ ಗೋಡೆಗೆ ಒಂದು ಚಿತ್ರ

ಕೊಟ್ಟ ಉಡುಗೊರೆಯನ್ನು ಸುಳ್ಳು ಹೇಳಿ ವಾಪಸ್ ತರಲು ಯಾವತ್ತಾದರೂ ಹೊರಟಿದ್ದೀರಾ? ಕಳೆದ ಭಾನುವಾರ ನಾನು ಹೊರಟಿದ್ದೆ. ದೂರವೇನಿಲ್ಲ, ನಮ್ಮ ಯಲಹಂಕದ ಅಪಾರ್ಟ್‌ಮೆಂಟಿನಲ್ಲೇ, ಒಂದು ಮಹಡಿ ಮೇಲಕ್ಕೆ.

ಅಲ್ಲಿರುವುದು ಶಿವಲೀಲಾ. ವಿಜಯಪುರದ ಹುಡುಗಿ, ಇಲ್ಲಿನ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾಳೆ. ಈಗ ತುಂಬು ಬಸುರಿ. ಹೋದ ಸಲ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಹಾಗಾಗಿ ಈ ಸಲ ನಾವೆಲ್ಲ ಉಸಿರು ಬಿಗಿಹಿಡಿದು ಕಾಯುತ್ತಿದ್ದೇವೆ.

ಬಸುರಿಯ ಕೋಣೆಯಲ್ಲಿ ಮುದ್ದು ಮಗುವಿನ ಪೋಸ್ಟರ್ ಹಾಕುವುದು ಗೊತ್ತಲ್ಲ? (ಉಬ್ಬಿದ ಕೆನ್ನೆ, ನೀಲಿ ಕಣ್ಣು. ನಮ್ಮ ಯಾರ ಮನೆಯಲ್ಲೂ ಅಂಥದ್ದು ಹುಟ್ಟಿದ್ದನ್ನು ನಾನಂತೂ ಕಾಣೆ!) ನನ್ನದು ಸ್ವಲ್ಪ ಡಿಫರೆಂಟ್ ಆಗಿರಲಿ ಅಂತ ಐನೂರು ವರ್ಷ ಹಳೆಯ ಇಟಲಿಯ ರೇಖಾಚಿತ್ರವೊಂದರ ಪ್ರಿಂಟ್ ತಂದು, ಹೆಬ್ಬಾಳದಲ್ಲಿ ಫ್ರೇಮ್ ಹಾಕಿಸಿ ಕೊಟ್ಟಿದ್ದೆ. ಮೇರಿ, ತೊಡೆಯ ಮೇಲೆ ಬಾಲ ಯೇಸು, ಅವನ ಮುಷ್ಟಿಯಲ್ಲೊಂದು ಪುಟ್ಟ ಹಕ್ಕಿ.

ಚಿತ್ರಕಲೆ ಓದುತ್ತಿರುವ ನನ್ನ ಮಗಳು ಅದರ ಫೋಟೊ ನೋಡಿ ಹೌಹಾರಿದಳು.

"ಅಮ್ಮಾ, ಇದನ್ನ ಅವ್ರಿಗ್ ಕೊಟ್ಯಾ? ಅದು ಮುಳ್ಳುಗಿಡದ ಬೀಜ ತಿನ್ನೋ ಹಕ್ಕಿ ಕಣಮ್ಮಾ. ಅಂದ್ರೆ ಮುಳ್ಳಿನ ಕಿರೀಟ, ಶಿಲುಬೆ. ಮುಂದೆ ಈ ಮಗು ಸಾಯುತ್ತೆ ಅನ್ನೋದರ ಸೂಚನೆ! ತಾಯಿಗೆ ಅದು ಮೊದ್ಲೇ ಗೊತ್ತು. ಅದಕ್ಕೇ ಅವಳ ಮುಖದಲ್ಲಿ ಅಷ್ಟು ಭಯ."

ಎಂಥಾ ಕೆಲಸ ಮಾಡಿಬಿಟ್ಟೆ! ಫ್ರೇಮ್ ಸಡಿಲ ಇದೆ, ರಿಪೇರಿ ಮಾಡಿಸಿಕೊಡುತ್ತೇನೆ ಅಂತ ಸುಳ್ಳು ಹೊಸೆದುಕೊಂಡು ಮೆಟ್ಟಿಲು ಹತ್ತಿದೆ.

ಶಿವಲೀಲಾ ಎಲ್ಲವನ್ನೂ ಕೇಳಿಸಿಕೊಂಡು ನಕ್ಕಳು.

"ಹಕ್ಕಿ ಸಲುವಾಗಿ ಬಂದೀರಿ, ಹೌದಲ್ರಿ ಅಕ್ಕಾರ? ನೀವು ಕೊಟ್ಟ ದಿನಾನ ಫೋನ್‌ನ್ಯಾಗ ಹುಡುಕಿ ಓದೇನ್ರಿ."

"ಓದಿನೂ ಇಟ್ಕೊಂಡಿದೀಯಾ?"

"ಎಲ್ಲಾರೂ ಅಂಜಬ್ಯಾಡ, ನಕ್ಕೋತ ಇರು ಅಂತಾರ್ರಿ. ಈ ಚಿತ್ರದಾಗಿನ ತಾಯಿ ಒಬ್ಬಾಕಿನ ನನ್ನ ಜೋಡಿ ಅಂಜತಾಳ. ಅಂಜಿದ್ರೂ ಕೂಸನ್ನ ಎಷ್ಟ್ ಗಟ್ಟಿ ಹಿಡಕೊಂಡಾಳ ನೋಡ್ರಿ. ಈಕಿನ್ನ ನೋಡ್ಕೋತ ಮಲಗಿದ್ರ ನಿದ್ದಿ ಬರ್ತೈತ್ರಿ ನನಗ."

ಆಗಲೇ ನಾನು ತಾಯಿಯ ಕೈಯನ್ನು ಸರಿಯಾಗಿ ನೋಡಿದ್ದು. ಮಗುವಿನ ಎದೆಯನ್ನು ಬಳಸಿ ಹಿಡಿದ ಆ ಬೆರಳುಗಳಲ್ಲಿ ಬಿಟ್ಟುಕೊಡುವ ಲಕ್ಷಣವೇ ಇರಲಿಲ್ಲ. ಅಷ್ಟರಲ್ಲಿ ಶಿವಲೀಲಾ ನನ್ನ ಕೈಯನ್ನು ಎಳೆದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ಒಳಗಿನ ಪುಣ್ಯಾತ್ಮ (ಅಥವಾ ಪುಣ್ಯಾತ್ಗಿತ್ತಿ) ಜೋರಾಗಿ ಒದ್ದಿತು. ಖುಷಿಗೆ ನನಗೆ ಅಳುವೇ ಬಂತು.

ಚಿತ್ರ ಅಲ್ಲೇ ಬಿಟ್ಟು ಬರಿಗೈಯಲ್ಲಿ ಇಳಿದು ಬಂದೆ.

ಇಷ್ಟು ಕಾಲ ಬಸುರಿಯರ ಗೋಡೆಗೆ ಮಗುವಿನ ಚಿತ್ರವನ್ನೇ ಅಂಟಿಸುತ್ತಾ ಬಂದೆವಲ್ಲ, ಅಲ್ಲೊಬ್ಬ ತಾಯಿಯೂ ಬೇಕು ಅಂತ ನಮಗ್ಯಾರಿಗೂ ಯಾಕೆ ಹೊಳೆಯಲಿಲ್ಲ?