ಅಂಜನಪ್ಪನವರ ಹಸಿರು ಸೈಕಲ್

ಕೊರೊನಾ ಬರುವುದಕ್ಕೆ ಹಿಂದಿನ ದಸರಾ. ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಸೈಕಲ್ ಪೇಂಟಿಂಗ್ ಅಂಗಡಿ ಇತ್ತು. ನಮ್ಮದು ಬೂದಿಕೋಟೆ ಕಡೆಯ ಹಳ್ಳಿ. ಮನೆಯವರೆಲ್ಲ ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕಿಕೊಂಡಿದ್ದರೆ ನಾನೊಬ್ಬ ಬಣ್ಣದ ಡಬ್ಬ ಹಿಡಿದು ಪೇಟೆ ಸೇರಿದ್ದೆ. ಆ ಹೊತ್ತಿಗೆ ಸೈಕಲ್ ಬರುವುದೇ ಕಡಿಮೆಯಾಗಿ, ಗೇಟು, ಗ್ರಿಲ್ಲು, ಬೀರು ಅಂತ ಸಿಕ್ಕಿದ್ದಕ್ಕೆಲ್ಲ ಬಣ್ಣ ಹೊಡೆಯುತ್ತಿದ್ದೆ. ಆಯುಧಪೂಜೆ ಹತ್ತಿರ ಬಂದಾಗ ಮಾತ್ರ ನಾಲ್ಕಾರು ಸೈಕಲ್ ಬಾಗಿಲಿಗೆ ಬರುತ್ತಿದ್ದವು.

ಕೆಲಸದಲ್ಲಿ ನನ್ನದೊಂದು ಹಟ. ಹಳೇ ಬಣ್ಣದ ಮೇಲೆ ಹೊಸ ಬಣ್ಣ ಹೊಡೆಯುವವನಲ್ಲ. ಪಕ್ಕದ ಕೋರಮಂಡಲ್, ಉರಿಗಾಂ ಕಡೆಯ ಚಿನ್ನದ ಗಣಿ ಕಾರ್ಮಿಕರ ಮನೆಗಳಲ್ಲಿ ಮಾತ್ರ ಇದಕ್ಕೆ ತದ್ವಿರುದ್ಧ. ಅಲ್ಲಿ ಪ್ರತಿ ಆಯುಧಪೂಜೆಗೂ ಸೈಕಲ್ ತೊಳೆದು, ಮನೆಗೆ ಸುಣ್ಣ ಬಳಿದ ಹಾಗೆ ಒಂದು ಕೋಟು ಎನಾಮೆಲ್ ಬಳಿದುಬಿಡುತ್ತಾರೆ. ಕೆರೆಯುವ ಮಾತೇ ಇಲ್ಲ. ಗಣಿಯ ಮರಳು ದಿಬ್ಬಗಳಿಂದ ಹಾರಿ ಬಂದ ಧೂಳು ಆ ಬಣ್ಣದಡಿ ಸೇರಿ, ತೇವ ಹಿಡಿದು, ಕಬ್ಬಿಣವನ್ನು ಒಳಗೊಳಗೇ ತಿನ್ನುತ್ತದೆ. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು.

ಅಂಥದೇ ಒಂದು ಹಸಿರು ಸೈಕಲ್ಲನ್ನು ಲಗೇಜ್ ಆಟೋದಲ್ಲಿ ಹಾಕಿಸಿಕೊಂಡು ಅಂಜನಪ್ಪನವರು ಕೋರಮಂಡಲ್‌ನಿಂದ ಬಂದರು. ಗಣಿ ಮುಚ್ಚುವವರೆಗೂ ಪಾತಾಳದಲ್ಲಿ ಕಲ್ಲಿಗೆ ತೂತು ಕೊರೆದವರು. ಕಲ್ಲಿನ ಧೂಳು ಎದೆಗಿಳಿದಿತ್ತು. ಆಟೋದಿಂದ ಅಂಗಡಿಯ ಬೆಂಚಿಗೆ ಬರುವಷ್ಟರಲ್ಲಿ ಅವರಿಗೆ ಮಾತೇ ಹೊರಡದಾಗಿತ್ತು. ಸುಧಾರಿಸಿಕೊಂಡು, ಒಂದು ಕೋಟು ಹಸಿರು ಬಣ್ಣ ಹೊಡಿ ಎಂದರು. ನಾನು ನನ್ನ ಹಟ ಹೇಳಿದೆ.

"ಯೋವ್, ಸೈಕಲ್ಗೇನು ಮದ್ವೆ ಮಾಡ್ತೀಯಾ? ಸುಮ್ನೆ ಒಂದು ಕೋಟು ಒಡ್ದು ಕೊಡಪ್ಪ."

"ಕೆರ್ದೇ ಒಡೆಯೋದಣ್ಣ. ಬ್ಯಾಡ ಅಂದ್ರೆ ಬ್ಯಾರೆ ಅಂಗ್ಡಿ ನೋಡ್ಕಳಿ."

ನಕ್ಕರು. ನಗು ಕೆಮ್ಮಿಗೆ ತಿರುಗಿತು. ಆಗಲಿ ಎಂದು ಕೈಸನ್ನೆ ಮಾಡಿದರು.

ಮಾರನೆಯ ದಿನ ಸೈಕಲ್ ಬಿಚ್ಚಿ, ಫ್ರೇಮಿಗೆ ಪೇಂಟ್ ರಿಮೂವರ್ ಬಳಿದೆ. ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಬಣ್ಣ ಸುಟ್ಟ ಚರ್ಮದಂತೆ ಬೊಬ್ಬೆ ಏಳುತ್ತದೆ. ಆಗ ಕಬ್ಬಿಣದ ಪಟ್ಟಿಯಿಂದ ಕೆರೆದು, ಉಪ್ಪುಕಾಗದದಲ್ಲಿ ಉಜ್ಜಬೇಕು. ಹಸಿರಿನ ಕೆಳಗೆ ಇನ್ನೊಂದು ಹಸಿರು, ಅದರ ಕೆಳಗೆ ಮತ್ತೊಂದು. ಹ್ಯಾಂಡಲ್ ಬುಡದ ಕೆಳಪೈಪನ್ನು ಉಜ್ಜುತ್ತಿದ್ದಾಗ ನನ್ನ ಹೆಬ್ಬೆರಳು ಸೀದಾ ಒಳಕ್ಕೆ ಹೋಯಿತು. ಪೈಪು ಅಲ್ಲಿ ಹಪ್ಪಳವಾಗಿತ್ತು. ಅಯ್ಯೋ ದೇವರೇ, ಅಷ್ಟು ದಿನ ಆ ಮನುಷ್ಯನ ಭಾರ ಹೊತ್ತಿದ್ದು ಬರೀ ಬಣ್ಣ! ಕೂಡಲೇ ಫೋನು ಮಾಡಿ ಕರೆಸಿದೆ.

ಫ್ರೇಮ್ ನೋಡಿ ಅವರು ಬೆಚ್ಚಲಿಲ್ಲ. "ನನ್ ಎದೆ ಎಕ್ಸ್‌ರೇ ನೋಡ್ದಾಗ ಡಾಕ್ಟ್ರೂ ಇಂಗೇ ಮಕ ಮಾಡಿದ್ರು ಕಣಪ್ಪ" ಎಂದರು.

"ಅಣ್ಣ, ತಮಾಷೆ ಅಲ್ಲ. ಇದನ್ನ ಅತ್ತಿ ಓಡ್ಸಿದ್ರೆ ಅಲ್ಲು ಮುರ್ಕಂಡು ಬೀಳ್ತೀರಿ."

"ಓಡ್ಸೋರ್ಯಾರು? ನಾನಿದ್ನ ಅತ್ತಿ ಎಲ್ಡು ವರ್ಸಾಯ್ತು."

ಆಮೇಲೆ ಬೆಂಚಿನ ಮೇಲೆ ಕೂತು ನಿಜ ಹೇಳಿದರು. ದಿನಾ ಸಂಜೆ ಮನೆಯಿಂದ ಸೈಕಲ್ ತಳ್ಳಿಕೊಂಡು ಹೊರಡುತ್ತಾರೆ. ಒಂದು ಕೈ ಹ್ಯಾಂಡಲ್ಲಿಗೆ, ಒಂದು ಕೈ ಸೀಟಿಗೆ. ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ನಿಂತು ನಿಂತು, ಹಳೇ ಗಣಿ ಗೆಳೆಯರು ಸೇರುವ ಟೀ ಅಂಗಡಿ ಮುಟ್ಟುತ್ತಾರೆ. ಬೀದಿ ತಿರುವಿನಾಚೆ ಹತ್ತಿ ಓಡಿಸುತ್ತಾರೆ ಎಂದು ಹೆಂಡತಿ ವೆಂಕಟಮ್ಮ ತಿಳಿದಿದ್ದಾರೆ.

"ಒಂದು ಕೋಲು ಇಡ್ಕಳಿ ಅಣ್ಣ" ಎಂದೆ.

"ನಮ್ ಲೈನ್ ಮನೆಗಳಲ್ಲಿ ಕೋಲಿಡ್ದೋರೆಲ್ಲ ಆಮ್ಯಾಕೆ ಮೂಲೆ ಇಡುದ್ರು. ಸೈಕಲ್ ತಳ್ಕಂಡೋದ್ರೆ ಎಲ್ಲಿಗೋ ಒಂಟವ್ನೆ ಅಂತಾರೆ. ನಮ್ಮಾಕೆಗೆ ಗೊತ್ತಾದ್ರೆ ವಾಸ್ಲು ದಾಟಕ್ಕೆ ಬಿಡಲ್ಲ. ಮಂಚ ಇಡ್ದ್ರೆ ನಾನು ಉಳ್ಯಲ್ಲಪ್ಪ."

ಏನಾದರೂ ಮಾಡೋಣ ಎಂದು ಕಳಿಸಿದೆ.

ಮಾಡುವುದೇನು? ಕೊಳೆತ ಜಾಗಕ್ಕೆ ಒಳಗಿನಿಂದ ಇನ್ನೊಂದು ಪೈಪು ತೂರಿಸಿ ಹಿತ್ತಾಳೆ ಬೆಸುಗೆ ಹಾಕಿಸಿದರೆ ಫ್ರೇಮ್ ಗಟ್ಟಿಯಾಗುತ್ತದೆ, ಆದರೆ ಸೈಕಲ್ ತೂಕ ಏರುತ್ತದೆ. ತೂಕ ಏರಿದರೆ ಆ ಎದೆಗೆ ತಳ್ಳಲು ಉಸಿರಿಲ್ಲ. ಅತ್ತ ದರಿ, ಇತ್ತ ಪುಲಿ. ವೆಲ್ಡಿಂಗ್ ಅಂಗಡಿಯಲ್ಲಿ ಬೆಸುಗೆ ಹಾಕಿಸಿ ತಂದು, ಸೇರಿದ ಭಾರವನ್ನು ಬೇರೆ ಕಡೆ ಇಳಿಸಲು ಕೂತೆ. ಕ್ಯಾರಿಯರ್, ಪೆಡಲ್ ತೆಗೆಯಲೇ ಎಂದು ಫೋನಿನಲ್ಲಿ ಕೇಳಿದರೆ ಅಂಜನಪ್ಪನವರು ಒಪ್ಪಲಿಲ್ಲ. ಕಂಡವರಿಗೆ ಗುಟ್ಟು ತಿಳಿಯುತ್ತದಲ್ಲ. ಹಾಗಾಗಿ ಕಾಣದ ಕಡೆಯೇ ಕೈ ಹಾಕಿದೆ. ಡೈನಮೋ ಬಿಚ್ಚಿ ಒಳಗಿನ ಅಯಸ್ಕಾಂತ, ತಂತಿ ತೆಗೆದು ಬರೀ ಓಡು ಕೂರಿಸಿದೆ. ಸೀಟಿನ ಕೆಳಗಿನ ಕಂಬಿಯಲ್ಲಿ ಪೈಪಿನೊಳಗೆ ಮುಚ್ಚಿಹೋಗುವ ಭಾಗವನ್ನು ಕತ್ತರಿಸಿದೆ. ಅವರ ಸೈಕಲ್ಲಿಗೆ ಚೈನನ್ನು ಪೂರ್ತಿ ಮುಚ್ಚುವ ತಗಡಿನ ಕವರ್ ಇತ್ತು. ಅವರನ್ನು ಕೇಳಿಯೇ ಒಳಗಿನ ಚೈನು ಕಳಚಿ, ಕವರನ್ನು ಮೊದಲಿನಂತೆ ಮುಚ್ಚಿದೆ. ತುಕ್ಕು ತಡೆಯಲು ರೆಡ್ ಆಕ್ಸೈಡ್ ಒಂದು ಕೈ, ಅದರ ಮೇಲೆ ತೆಳ್ಳಗೆ ಹಸಿರು.

ಆಯುಧಪೂಜೆಯ ಹಿಂದಿನ ದಿನ ಬಂದರು. ಅಂಗಡಿಯ ಮುಂದೆ ಈ ಕೊನೆಯಿಂದ ಆ ಕೊನೆಗೆ ತಳ್ಳಿ ನೋಡಿದರು. "ಊವಿನಂಗೈತೆ ಕಣೋ" ಎಂದು ನನ್ನ ಬೆನ್ನು ತಟ್ಟಿದರು. ನಲವತ್ತು ವರ್ಷದ ಕೆಲಸದಲ್ಲಿ ಅಷ್ಟು ಹೆಮ್ಮೆ ನನಗೆ ಇನ್ಯಾವತ್ತೂ ಆಗಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಅದೇ ಲಗೇಜ್ ಆಟೋ ಅಂಗಡಿ ಮುಂದೆ ನಿಂತಿತು. ಸೈಕಲ್ ಜೊತೆ ಇಳಿದವರು ವೆಂಕಟಮ್ಮ. ಹಣೆ ಬರಿದಾಗಿತ್ತು. ನಾನು ಸ್ಟೂಲು ಎಳೆದು ಕೂರಿಸಿ ನೀರು ಕೊಟ್ಟೆ. ತಿಥಿ ಮುಗಿಸಿಕೊಂಡು ಬಂದೆ ಎಂದರು. ಆಮೇಲೆ ಸೈಕಲ್ ಕಡೆ ಕೈ ತೋರಿಸಿದರು.

"ಇದ್ರ ಚೈನು ನಿನ್ ತಾವೈತಾ ಅಣ್ಣ?"

"ಅಕ್ಕ... ನಿಮ್ಗೆ ಯಾರೇಳಿದ್ರು?"

"ಯಾರೇಳ್ಬೇಕು? ದಸ್ರಾ ಆದ್ಮ್ಯಾಕೆ ಆ ಟಿಕ್ ಟಿಕ್ ಸದ್ದೇ ನಿಂತೋಯ್ತು. ಪೆಡ್ಲು ತಿರುಗ್ಸಿ ನೋಡಿದ್ರೆ ಚಕ್ರ ತಿರುಗ್ಲಿಲ್ಲ. ಮುಂಚೆ ತಿರುವಲ್ಲಿ ಆ ಸದ್ದು ಕೇಳ್ತಿದ್ದಂಗೇ ಕಾಫಿಗೆ ನೀರಿಡ್ತಿದ್ದೆ. ಅವ್ರು ಅತ್ತಲ್ಲ, ತಳ್ತಾರೆ ಅಂತ ನಂಗೆ ಯಾವಾಗ್ಲೋ ಗೊತ್ತು. ನಂಗೆ ಗೊತ್ತು ಅಂತ ಅವ್ರಿಗೆ ಗೊತ್ತಾದ್ರೆ ಒರ್ಗಡೆ ಓಗೋದೇ ಬಿಟ್ಬುಡ್ತಿದ್ರು. ಅದ್ಕೇ ಸುಮ್ನಿದ್ದೆ."

ಮಾತು ನಿಜ. ಸೈಕಲ್ ತಳ್ಳುವಾಗ ಟಿಕ್ ಟಿಕ್ ಎನ್ನುವುದು ಹಿಂದಿನ ಚಕ್ರದ ಫ್ರೀವೀಲ್. ಚೈನು ಅದನ್ನು ಹಿಡಿದಿದ್ದರೆ ಮಾತ್ರ ಸದ್ದು. ಚೈನಿಲ್ಲದಿದ್ದರೆ ಅದೂ ಚಕ್ರದ ಜೊತೆ ಸುಮ್ಮನೆ ತಿರುಗುತ್ತದೆ. ತೂಕದ ಯೋಚನೆಯಲ್ಲಿ ಮುಳುಗಿದ್ದ ನನಗೆ ಸದ್ದು ತಲೆಗೇ ಬಂದಿರಲಿಲ್ಲ.

"ಆಮ್ಯಾಕೆ ದಿನಾ ಸಂಜೆ ವಾಸ್ಲಲ್ಲಿ ನಿಂತು ಕಾಯ್ತಿದ್ದೆ" ಎಂದರು ವೆಂಕಟಮ್ಮ. "ಅವ್ರು ಕಂಡೇಟ್ಗೆ ಒಳಗೋಗಿ ಪಾತ್ರೆ ತಿಕ್ಕೋಳಂಗೆ ಕೂತ್ಕಳ್ತಿದ್ದೆ. ಆವತ್ತು ಕಾದೆ, ಕಾದೆ, ಬರ್ಲೇ ಇಲ್ಲ. ತಿರುವಿನಾಚೆ, ನಮ್ಮನೆಯಿಂದ ಕೂಗಳತೆಯಲ್ಲಿ, ಸೈಕಲ್ ತಬ್ಕಂಡು ಕುಸ್ದಿದ್ರು. ಮುಂಚಿನಂಗಾಗಿದ್ರೆ ಸದ್ದು ಬಂದು ನಿಂತೋಗಿದ್ದು ನಂಗೆ ಕೇಳ್ತಿತ್ತು. ಓಡೋಗಿ ಒಂದು ಗುಟ್ಕು ನೀರಾದ್ರೂ ಬಿಡ್ತಿದ್ದೆ."

ನಾನು ಸೈಕಲ್ ಪಕ್ಕ ಕೂತು ಚೈನ್ ಕವರಿನ ಸ್ಕ್ರೂ ಬಿಚ್ಚತೊಡಗಿದೆ.

"ನಿನ್ನ ಬೈಯಕ್ಕೆ ಬಂದಿಲ್ಲಪ್ಪ. ನೀನು ಮಾಡ್ಕೊಟ್ಟಿದ್ದಕ್ಕೇ ಅವ್ರು ಅಷ್ಟು ದಿನ ತಿರುಗಾಡಿದ್ದು. ಚೈನಾಕು. ಒಂದ್ಸಲ ಕೇಳ್ಬೇಕು ಅನ್ನಿಸ್ತು."

ಚೈನು ಹುಡುಕಿ, ಎಣ್ಣೆ ಬಿಟ್ಟು ಹಾಕಿದೆ. ರಸ್ತೆಯಲ್ಲಿ ಬಸ್ಸು, ಆಟೋಗಳ ಗಲಾಟೆ. ಆಕೆಗೆ ಕೇಳಲೆಂದು ಪಕ್ಕದ ಓಣಿಗೆ ಹೋಗಿ ಸೈಕಲ್ ತಳ್ಳಿಕೊಂಡು ಬಂದೆ. ಅಂಜನಪ್ಪನವರು ಎಷ್ಟು ನಿಧಾನ ನಡೆಯುತ್ತಿದ್ದರೋ ಅಷ್ಟೇ ನಿಧಾನ. ವೆಂಕಟಮ್ಮ ಸೆರಗು ಬಾಯಿಗೆ ಒತ್ತಿಕೊಂಡು, ಬೇರೆ ಕಡೆ ಮುಖ ಮಾಡಿ ನಿಂತಿದ್ದರು. ನಾನು ಹತ್ತಿರ ಬಂದಾಗ "ಸಾಕು ನಿಲ್ಸಪ್ಪ" ಎಂದರು.

ಬಣ್ಣದ ಕೆಲಸ ಕೊಳೆತ ಕಬ್ಬಿಣ ಪತ್ತೆ ಹಚ್ಚುವುದನ್ನು ನನಗೆ ಎಂದೋ ಕಲಿಸಿತ್ತು. ಮಿಕ್ಕಿದ್ದನ್ನು ಕಲಿಸಿದ್ದು ಆ ಮಧ್ಯಾಹ್ನ. ಒಂದು ವಸ್ತು ಯಾರ ಕೈಯಲ್ಲಿದೆಯೋ ಅವರೊಬ್ಬರದೇ ಅಲ್ಲ. ಅಂಗಡಿ ಮುಚ್ಚುವವರೆಗೂ, ಯಾರ ಸೈಕಲ್ಲಿನಿಂದ ಏನು ಕಳಚಬೇಕಾದರೂ, ಮನೆಯಲ್ಲಿ ಇನ್ಯಾರಿದ್ದಾರೆ ಎಂದು ಮೊದಲು ಕೇಳುತ್ತಿದ್ದೆ.