‘ಹೊಸ’ ಎಂದು ಶುರುವಾಗುವ ಹೆಸರು

ಮೂರು ವರ್ಷಗಳ ಹಿಂದೆ, ಆಷಾಢದ ಒಂದು ಬುಧವಾರ, ನಾನು ಮತ್ತು ಅಣ್ಣ ಬೀರಪ್ಪ ಶಿಕಾರಿಪುರದ ಕಚೇರಿಯ ಸರ್ವರ್ ಕೋಣೆಯಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದೆವು. ಕೋಣೆ ಎಂದರೆ ಮೆಟ್ಟಿಲ ಕೆಳಗಿನ ಜಾಗಕ್ಕೆ ಬಾಗಿಲು ಹಚ್ಚಿದ್ದು, ಅಷ್ಟೆ. ಕುರಿ ಸಾಕಣೆದಾರರ ಒಂದು ಸಂಘದಲ್ಲಿ ಅಣ್ಣ ಕಂಪ್ಯೂಟರ್ ವಿಭಾಗದ ಉಸ್ತುವಾರಿ. ನಾನು ಅದೇ ಸಂಘದ ಸೊರಬ ಶಾಖೆಯಲ್ಲಿ ತಾಂತ್ರಿಕ ಸಹಾಯಕಿ. ಬುಧವಾರಕ್ಕೊಮ್ಮೆ ಶಿಕಾರಿಪುರಕ್ಕೆ ಹೋಗಿ ಅವನ ಜೊತೆ ಕೆಲಸ ಮಾಡುತ್ತಿದ್ದೆ. ಇಬ್ಬರೂ ಓದಿದ್ದು ಡಿಪ್ಲೊಮಾ. ನನಗೆ ಕೆಲಸ ಕಲಿಸಿದವನು ಅವನೇ.

ಸಂಘಕ್ಕೆ ಬಳ್ಳಿಗಾವಿ, ಕ್ಯಾಸನೂರು, ಹೊಸಬಾಳೆ ಎಂದು ಮೂರು ಕೇಂದ್ರಗಳಿದ್ದವು. ಪ್ರತಿ ಕುರಿಯ ಕಿವಿಬಿಲ್ಲೆಯ ಸಂಖ್ಯೆ, ಅದರ ತಾಯಿ ಯಾವುದು, ಯಾವ ಟಗರಿನ ಮರಿ, ಯಾವ ಲಸಿಕೆ ಬಿದ್ದಿದೆ, ಯಾವ ತಳಿಯಲ್ಲಿ ಮರಿ ಸಾಯುತ್ತವೆ, ಇವೆಲ್ಲ ಅಲ್ಲಿ ದಾಖಲಾಗುತ್ತಿದ್ದವು. ಮೂರು ಕೇಂದ್ರಕ್ಕೆ ಮೂರು ಕಂಪ್ಯೂಟರ್ ಕೊಳ್ಳುವ ಬದಲು ಅಣ್ಣ ಒಂದೇ ಸರ್ವರಿನಲ್ಲಿ ಮೂರು ವರ್ಚುವಲ್ ಮಷಿನ್ ಮಾಡಿದ್ದ. ವರ್ಚುವಲ್ ಮಷಿನ್ ಎಂದರೆ ಕಂಪ್ಯೂಟರಿನ ಒಳಗೇ ನಡೆಯುವ ಇನ್ನೊಂದು ಕಂಪ್ಯೂಟರ್. ಅದಕ್ಕೆ ಬೇಕಾದ ಡಿಸ್ಕ್ ಜಾಗವನ್ನು ಒಟ್ಟಿಗೆ ಇಡುವುದು ಸ್ಟೋರೇಜ್ ಪೂಲ್. ಅದರಲ್ಲಿ ಒಂದೊಂದು ಮಷಿನ್ನಿಗೆ ಕತ್ತರಿಸಿ ಕೊಟ್ಟ ಭಾಗ ವಾಲ್ಯೂಮ್. ಸಂಘದ ಹಿರಿಯರಿಗೆ ಇದನ್ನು ವಿವರಿಸುವಾಗ ಅಣ್ಣ, “ಪೂಲ್ ಅಂದ್ರೆ ಹಟ್ಟಿ ಕಣ್ರೀ. ಒಳಗೆ ತಡಿಕೆ ಕಟ್ಟಿ ಮೂರು ಹಿಂಡು ಬೇರೆ ಮಾಡ್ತೀವಲ್ಲ, ಒಂದೊಂದೂ ಒಂದು ವಾಲ್ಯೂಮು” ಎನ್ನುತ್ತಿದ್ದ. ಅವರಿಗೆ ಅರ್ಥವಾಗುತ್ತಿತ್ತು.

ವಾಲ್ಯೂಮುಗಳಿಗೆ ಅವನು ಊರಿನ ಹೆಸರನ್ನೇ ಇಟ್ಟಿದ್ದ. ಸಂಖ್ಯೆ ಕೊಡು ಎಂದು ನಾನು ಒಮ್ಮೆ ಹೇಳಿದ್ದೆ. “ನಂಬರು ಮರೀತೈತಿ ನೀಲಿ, ಊರು ಮರೆಯಲ್ಲ” ಎಂದಿದ್ದ.

ಮಳೆ ಹಿಡಿದರೆ ಹೊಸಬಾಳೆಯ ಹಿಂಡುಗಳು ಬಯಲುಸೀಮೆಗೆ ಹೊರಡುತ್ತವೆ. ನೆಂದ ನೆಲದಲ್ಲಿ ಕುರಿಯ ಗೊರಸು ಕೊಳೆಯುತ್ತದೆ. ಗಂಡಸರು ಹಿಂಡಿನ ಜೊತೆ ಹೋಗಿ, ದೀಪಾವಳಿ ಕಳೆದ ಮೇಲೆ ತಿರುಗಿ ಬರುತ್ತಾರೆ. ಅಲ್ಲಿಯವರೆಗೆ ಆ ಕೇಂದ್ರ ಮುಚ್ಚಿರುತ್ತದೆ. ಹಾಗಾಗಿ ಅಣ್ಣ ಪ್ರತಿ ವರ್ಷ ಹೊಸಬಾಳೆಯ ಮಷಿನ್ ಅನ್ನು ಬಂದ್ ಮಾಡಿಡುತ್ತಿದ್ದ. ಆ ಬುಧವಾರವೂ ಮಾಡಿದ. ಬಂದ್ ಆದ ಮಷಿನ್ನಿನ ವಾಲ್ಯೂಮ್ ಪೂಲಿನಲ್ಲಿ ಹಾಗೇ ಇರುತ್ತದೆ. ಯಾರೂ ಮುಟ್ಟದಿದ್ದರೆ ಏನೂ ಆಗುವುದಿಲ್ಲ.

“ಬ್ಯಾಕಪ್ ಒಂದ್ಸಲ ನೋಡ್ಲೇನು?” ಎಂದೆ.

“ನಿನ್ನ ಸ್ಕ್ರಿಪ್ಟು ನೋಡ್ಕೊಳ್ಳುತ್ತಲ್ಲ. ಮೊದ್ಲು ಕೈ ಒರೆಸ್ಕೊ, ಕೀಬೋರ್ಡ್ ತುಂಬ ಖಾರ” ಎಂದ.

ಮಾರನೆಯ ಬೆಳಿಗ್ಗೆ ಸೊರಬಕ್ಕೆ ಬರಲು ಶಿರಾಳಕೊಪ್ಪದಲ್ಲಿ ಬಸ್ಸಿಗೆ ಕಾಯುತ್ತ ಕೂತಿದ್ದ ಅಣ್ಣ ಕೂತಲ್ಲೇ ಹೋದ. ಹೃದಯ ನಿಂತಿತ್ತು ಎಂದರು. ನಲವತ್ತೊಂಬತ್ತು ವರ್ಷ.

ನಾನು ಒಂದು ತಿಂಗಳು ರಜೆ ಹಾಕಿದೆ. ಆ ಹೊತ್ತಿಗೆ ಹಳೆಯ ಡಿಸ್ಕುಗಳನ್ನು ಬದಲಾಯಿಸುವ ಕೆಲಸ ಬಾಕಿ ಇತ್ತು. ಸಂಘದವರು ಹೊರಗಿನ ಒಬ್ಬ ಗುತ್ತಿಗೆದಾರನನ್ನು ಕರೆಸಿದರು. ಅವನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೆಸರು ಕೆಡುವುದೆಂದರೆ ಏನೆಂದು ನನಗೆ ಗೊತ್ತಿರುವುದರಿಂದ ಅಲ್ಲ, ಅಣ್ಣನ ಹೆಸರಿರುವ ಹಾಳೆಯಲ್ಲಿ ಅದು ಇರಬಾರದು ಎಂದು. ಹನ್ನೊಂದನೇ ದಿನದ ಕಾರ್ಯ ಮುಗಿದ ಮರುದಿನ ಅವನು ಫೋನ್ ಮಾಡಿ ಅಣ್ಣನ ಲಾಗಿನ್ನಿನ ಪಾಸ್‌ವರ್ಡ್ ಕೇಳಿದ. ಅಣ್ಣನ ಡೈರಿ ತೆಗೆದು, ಅದರಲ್ಲಿದ್ದ ಪಾಸ್‌ವರ್ಡನ್ನು ನಾನೇ ಓದಿ ಹೇಳಿದೆ.

ದೀಪಾವಳಿಯಾಗಿ ಹಿಂಡುಗಳು ಬಂದವು. ಹೊಸಬಾಳೆಯ ಮಷಿನ್ ಶುರು ಮಾಡಲು ಹೋದರೆ ಡಿಸ್ಕ್ ಇಲ್ಲ ಎಂದು ಉತ್ತರ ಬಂತು. ಪೂಲಿನ ಪಟ್ಟಿ ತೆಗೆದೆ. ಬಳ್ಳಿಗಾವಿ ಇತ್ತು, ಕ್ಯಾಸನೂರು ಇತ್ತು. ಹೊಸಬಾಳೆ ಇರಲಿಲ್ಲ. ಐದು ವರ್ಷದ ದಾಖಲೆ.

ಬ್ಯಾಕಪ್ ಡಿಸ್ಕ್ ಹಚ್ಚಿ ನೋಡಿದೆ. ಅದರಲ್ಲೂ ಇರಲಿಲ್ಲ. ತಾನಾಗಿ ಬ್ಯಾಕಪ್ ಮಾಡುವ ಆ ಪುಟ್ಟ ಪ್ರೋಗ್ರಾಮ್, ಆ ಸ್ಕ್ರಿಪ್ಟ್, ಬರೆದವಳು ನಾನು. ಅದು ನಡೆಯುತ್ತಿರುವ ಮಷಿನ್‌ಗಳ ಪಟ್ಟಿ ತೆಗೆದುಕೊಂಡು ಅವುಗಳ ಪ್ರತಿ ಮಾಡುತ್ತಿತ್ತು. ಬಂದ್ ಆಗಿರುವುದನ್ನು ಬಿಟ್ಟುಬಿಡುತ್ತಿತ್ತು. ಹಳೆಯ ಪ್ರತಿಗಳು ಎಂಟು ವಾರಕ್ಕೆ ತಾವಾಗಿ ಅಳಿಯುತ್ತಿದ್ದವು. ಬಂದ್ ಆದದ್ದನ್ನೂ ಸೇರಿಸು ಎನ್ನಲು ಒಂದು ಪದ ಸಾಕಿತ್ತು. ನಾನು ಬರೆದಿರಲಿಲ್ಲ.

ಸಂಘ ಆ ಗುತ್ತಿಗೆದಾರನಿಂದಲೇ ವರದಿ ಕೇಳಿತು. ಅವನು ಎರಡು ಪುಟ ಬರೆದುಕೊಟ್ಟ. ತಾನು ಬರುವ ಮೊದಲೇ ವಾಲ್ಯೂಮ್ ಅಳಿಸಿ ಹೋಗಿತ್ತು, ದಿವಂಗತ ಬೀರಪ್ಪನವರ ಲಾಗಿನ್ನಿನಿಂದಲೇ ಅಳಿಸುವ ಆದೇಶ ಹೋಗಿದೆ ಎಂಬುದು ಸಾರಾಂಶ. ಅಣ್ಣನ ಲಾಗಿನ್ನಿನಲ್ಲಿ ಕೊಟ್ಟ ಆದೇಶಗಳ ಪಟ್ಟಿಯನ್ನೂ ಲಗತ್ತಿಸಿದ್ದ. ಅದರಲ್ಲಿ ಒಂದು ಸಾಲು ಹೀಗಿತ್ತು: ಹೆಸರು ‘ಹೊಸ’ ಎಂದು ಶುರುವಾಗುವ ಎಲ್ಲ ವಾಲ್ಯೂಮ್‌ಗಳನ್ನು ಅಳಿಸು. ಆ ಪಟ್ಟಿಯಲ್ಲಿ ಆದೇಶಗಳು ಮಾತ್ರ ಇರುತ್ತವೆ, ದಿನಾಂಕ ಇರುವುದಿಲ್ಲ. ಅದು ಅವನಿಗೆ ಗೊತ್ತಿತ್ತು.

ವರದಿ ಸಂಘದ ಗೋಡೆಗೆ ಅಂಟಿತು. ಅದರ ಫೋಟೊ ಹೊಸಬಾಳೆಯ ಎಲ್ಲ ಫೋನುಗಳಿಗೂ ಹೋಯಿತು. ಆ ವಾರ ಕರಿಯಮ್ಮ ಸೊರಬದ ಶಾಖೆಗೆ ಬಂದಳು. ಎಂಬತ್ತು ಕುರಿಗಳ ಒಡತಿ, ಹೊಸಬಾಳೆಯ ಕೇಂದ್ರದ ಮೊದಲ ಸದಸ್ಯೆ. ಅವಳ ಕುರಿಗಳಲ್ಲಿ ಒಂದು ವಂಶದ ಸಾಲು ಪ್ರತಿ ಸಲವೂ ಅವಳಿ ಮರಿ ಹಾಕುತ್ತಿತ್ತು. ಯಾವ ಮರಿ ಆ ಸಾಲಿನದು ಎಂಬ ಲೆಕ್ಕವಿದ್ದದ್ದು ಆ ವಾಲ್ಯೂಮಿನಲ್ಲಿ.

“ಎಂತದೇ ನೀಲಮ್ಮಾ, ತೋಳಕ್ಕೂ ಒಂದ್ಸಲಕ್ಕೆ ಒಂದೇ ಕುರಿ ಸಾಕಾಗ್ತಿತ್ತು. ನಿಮ್ಮಣ್ಣ ಇಡೀ ಊರಿನ ಕುರಿ ನುಂಗಿ ಹೋದ್ನಲ್ಲೆ!” ಎಂದಳು. ಕಚೇರಿಯಲ್ಲಿದ್ದವರು ನಕ್ಕರು. ನಾನು ಅವಳಿಗೆ ಕುರ್ಚಿ ಹಾಕಿದೆ.

ಆ ‘ಹೊಸ’ ಎಂಬ ಪದ ನನ್ನನ್ನು ಬಿಡಲಿಲ್ಲ. ಅಣ್ಣ ಪರೀಕ್ಷೆಗೆಂದು ಮಾಡುವ ವಾಲ್ಯೂಮುಗಳಿಗೆ ಯಾವತ್ತೂ ‘ಟ್ರಯಲ್’ ಎಂದೇ ಹೆಸರಿಡುತ್ತಿದ್ದ. ಅದೂ ಅಲ್ಲದೆ ಹೊಸಬಾಳೆ ನಮ್ಮ ತಾಯಿಯ ತವರು. ‘ಹೊಸ’ ಎಂದು ಶುರುವಾಗುವುದನ್ನೆಲ್ಲ ಅಳಿಸು ಎಂದು ಬರೆದರೆ ಆ ಊರೂ ಹೋಗುತ್ತದೆ ಎಂದು ಹೊಳೆಯದ ಮನುಷ್ಯ ಅವನಲ್ಲ.

ಗುತ್ತಿಗೆದಾರನಿಗೆ ಫೋನ್ ಮಾಡಿದೆ. “ನೀವು ಬಂದಾಗ ಹೊಸಬಾಳೆ ವಾಲ್ಯೂಮ್ ಇತ್ತಾ?” ಎಂದು ಮಾತ್ರ ಕೇಳಿದೆ.

“ಇರ್ಲಿಲ್ಲ ಮೇಡಂ. ನಿಮ್ಮಣ್ಣಾರಿಗೆ ಕೊನೆಕೊನೆಗೆ ಗಮನ ಕಮ್ಮಿ ಆಗಿತ್ತು ಅನ್ಸುತ್ತೆ. ಪಾಪ.”

ಅವನು ಸುಳ್ಳು ಹೇಳಿದ್ದನ್ನು ನಾನು ಒಂದು ದಿನ ಕ್ಷಮಿಸಬಹುದಿತ್ತೇನೋ. ಆ ‘ಪಾಪ’ ಎಂಬುದನ್ನು ಕ್ಷಮಿಸಲಿಲ್ಲ, ಈಗಲೂ ಕ್ಷಮಿಸಿಲ್ಲ.

ಮುಂದಿನ ಬುಧವಾರ ಒಬ್ಬಳೇ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂತೆ. ಅಣ್ಣ ಪೂಲ್ ಕಟ್ಟಿದ್ದು ಎಲ್‌ವಿಎಂ ಎಂಬ ವ್ಯವಸ್ಥೆಯ ಮೇಲೆ. ಅದಕ್ಕೊಂದು ಒಳ್ಳೆಯ ಅಭ್ಯಾಸವಿದೆ. ಯಾವುದೇ ವಾಲ್ಯೂಮ್ ಅಳಿಸುವ ಮುನ್ನ, ಆ ಗಳಿಗೆಯಲ್ಲಿ ಪೂಲ್ ಹೇಗಿತ್ತು ಎಂಬುದನ್ನು ಒಂದು ಸಣ್ಣ ಫೈಲಿನಲ್ಲಿ ತಾನಾಗಿಯೇ ಬರೆದಿಡುತ್ತದೆ. ಯಾವ ಆದೇಶಕ್ಕೆ ಮುಂಚೆ ಬರೆದದ್ದು, ಎಷ್ಟು ಹೊತ್ತಿಗೆ ಎಂಬುದೂ ಅದರಲ್ಲಿರುತ್ತದೆ. ಆ ಫೈಲುಗಳು ಒಂದು ಮೂಲೆಯ ಫೋಲ್ಡರಿನಲ್ಲಿ ಬಿದ್ದಿರುತ್ತವೆ. ಗುತ್ತಿಗೆದಾರ ಅಲ್ಲಿಗೆ ಹೋಗಿರಲಿಲ್ಲ.

ಎಲ್ಲವೂ ಇತ್ತು. ಒಂದು ಶುಕ್ರವಾರ ಬೆಳಿಗ್ಗೆ ‘ಹೊಸ1’, ‘ಹೊಸ2’, ‘ಹೊಸ3’ ಎಂಬ ಮೂರು ವಾಲ್ಯೂಮ್ ಹುಟ್ಟಿದ್ದವು. ಅದೇ ಮಧ್ಯಾಹ್ನ ಮೂರು ಗಂಟೆ ಹನ್ನೆರಡು ನಿಮಿಷಕ್ಕೆ ನಾಲ್ಕು ಅಳಿದಿದ್ದವು. ನಾಲ್ಕನೆಯದು ಹೊಸಬಾಳೆ. ಆ ಶುಕ್ರವಾರ ಅಣ್ಣ ತೀರಿಕೊಂಡ ಇಪ್ಪತ್ಮೂರನೆಯ ದಿನ.

ತಡಿಕೆ ತೆಗೆದ ಮಾತ್ರಕ್ಕೆ ಕುರಿ ಮಾಯವಾಗುವುದಿಲ್ಲ. ವಾಲ್ಯೂಮ್ ಅಳಿಸಿದರೂ ಅದೇ ಜಾಗಕ್ಕೆ ಬೇರೇನಾದರೂ ಬಂದು ತುಂಬುವವರೆಗೆ ಒಳಗಿನದು ಅಲ್ಲೇ ಇರುತ್ತದೆ. ಆ ಆಸೆಯಿಂದ ಡಿಸ್ಕಿನ ಪ್ರತಿ ತೆಗೆದು, ಹಳೆಯ ಗಡಿಗಳನ್ನು ತಿರುಗಿ ಹಾಕಿ ನೋಡಿದೆ. ಗುತ್ತಿಗೆದಾರ ಆ ಜಾಗವನ್ನು ಕಚೇರಿಯ ಸಿಸಿಟಿವಿಗೆ ಕೊಟ್ಟಿದ್ದ. ಐದು ವರ್ಷದ ಕುರಿಗಳ ಮೇಲೆ ಖಾಲಿ ವರಾಂಡದ ವಿಡಿಯೊ ಕೂತಿತ್ತು. ನಾಲ್ಕು ದಿನ ಹುಡುಕಿದೆ. ವರಾಂಡ ಬಿಟ್ಟು ಬೇರೇನೂ ಸಿಗಲಿಲ್ಲ.

ಆ ಫೈಲನ್ನು ಅವತ್ತೇ ಕಾರ್ಯದರ್ಶಿಗಳಿಗೆ ತೋರಿಸಿದ್ದರೆ ಅವರು ವರದಿಯನ್ನು ಗೋಡೆಯಿಂದ ಕಿತ್ತು, ಸದ್ದಿಲ್ಲದೆ ಬೇರೆ ಅಂಟಿಸುತ್ತಿದ್ದರು. ನನಗೆ ಸದ್ದಿಲ್ಲದೆ ಬೇಕಿರಲಿಲ್ಲ. ಸಂಘದ ವಾರ್ಷಿಕ ಸಭೆಗೆ ಆರು ವಾರ ಇತ್ತು. ಮೂರೂ ಊರಿನವರು ಬರುತ್ತಾರೆ, ಗುತ್ತಿಗೆದಾರನೂ ಬಂದು ವರದಿ ಓದುತ್ತಾನೆ. ಆರು ವಾರ ಯಾರಿಗೂ ಹೇಳಲಿಲ್ಲ. ಫೈಲಿನ ಮೂರು ಪ್ರತಿ ಮಾಡಿ ಮೂರು ಕಡೆ ಇಟ್ಟೆ. ಸಂಕ್ರಾಂತಿಗೆ ಅವನು ಶುಭಾಶಯ ಕಳಿಸಿದ, ನಿಮಗೂ ಎಂದು ಉತ್ತರಿಸಿದೆ. ಅದೇ ದಿನಗಳಲ್ಲಿ ಅತ್ತಿಗೆ, ಅಣ್ಣನ ಹೆಂಡತಿ, ಸೊರಬದಲ್ಲಿ ಒಂದು ಮದುವೆಗೆ ಹೋಗಿದ್ದಳು. ಊಟದ ಪಂಕ್ತಿಯಲ್ಲಿ ಹೊಸಬಾಳೆಯವರೊಬ್ಬರು, “ಅವ್ರಿಗೆ ಮಾಂಸದಡುಗೆ ಬ್ಯಾಡ್ರೋ, ಅವ್ರ ಮನೇರು ಮುಂಚೇನೇ ತಿಂದಾರೆ” ಎಂದರಂತೆ. ಅತ್ತಿಗೆ ಎಲೆ ಬಿಟ್ಟು ಎದ್ದು ಬಂದಳು. ಅದನ್ನು ನನ್ನೆದುರು ಹೇಳಿ ಅತ್ತಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಸಭೆಗೆ ಇನ್ನು ಒಂಬತ್ತು ದಿನ ಉಳಿದಿತ್ತು.

ಸಭೆಯ ದಿನ ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ವರದಿ ಓದಿದ. ಓದಿ ಮುಗಿದ ಮೇಲೆ ನಾನು ಎದ್ದು ನಿಂತೆ. ಮೊದಲು ನನ್ನ ಬ್ಯಾಕಪ್ ಸ್ಕ್ರಿಪ್ಟಿನ ತಪ್ಪನ್ನು ಹೇಳಿದೆ. ಬಂದ್ ಆದ ಮಷಿನ್ನಿನ ಪ್ರತಿ ತೆಗೆಯದೆ ಹೋದದ್ದು ನನ್ನಿಂದ, ಅದಕ್ಕೆ ಸಂಘ ಏನು ಶಿಕ್ಷೆ ಕೊಟ್ಟರೂ ಸರಿ ಎಂದೆ. ಪ್ರಾಮಾಣಿಕತೆ ಅಷ್ಟೇ ಅಲ್ಲ ಅದು. ನನ್ನ ಮೇಲೆ ಹೇಳಲು ಅವನಿಗೆ ಒಂದು ಮಾತೂ ಉಳಿಯಬಾರದಿತ್ತು.

ಆಮೇಲೆ ಅವನನ್ನು ಕೇಳಿದೆ, “ನೀವು ಬರೋ ಮುಂಚೆನೇ ಅಳಿಸಿತ್ತು ಅಂತೀರಿ. ಖಂಡಿತಾನಾ?”

“ಖಂಡಿತ ಮೇಡಂ.”

“ನೀವು ಅಳಿಸಿಲ್ಲ?”

“ನಾನ್ಯಾಕ್ರೀ ಅಳಿಸ್ಲಿ?”

ಫೈಲನ್ನು ಪರದೆಯ ಮೇಲೆ ಹಾಕಿದೆ. ಅಳಿಸಿದ ನಾಲ್ಕು ಹೆಸರು, ದಿನ, ಗಂಟೆ, ನಿಮಿಷ ಎಲ್ಲವನ್ನೂ ನಿಧಾನ ಓದಿದೆ. ನಂತರ ಸಭೆಯ ಕಡೆ ತಿರುಗಿ, “ಈ ದಿನ ನಮ್ಮಣ್ಣ ಎಲ್ಲಿದ್ದ?” ಎಂದೆ.

ಕರಿಯಮ್ಮ ಎದ್ದಳು. “ಎಲ್ಲಿದ್ದ ಅಂದ್ರೆ? ಮಣ್ಣಾಗಿದ್ದ! ನಾನೇ ಹೋಗಿ ಹಿಡಿ ಮಣ್ಣು ಹಾಕಿ ಬಂದೀನಿ” ಎಂದಳು. ಗುತ್ತಿಗೆದಾರನ ಕಡೆ ಕೈ ತೋರಿಸಿ, “ಏನಪ್ಪಾ, ಮಣ್ಣೊಳಗಿಂದ ಎದ್ದು ಬಂದು ಒತ್ತಿದ್ನೇನು?” ಎಂದಳು.

ಅವನು ಪರದೆ ನೋಡಿದ, ಕಾರ್ಯದರ್ಶಿಗಳನ್ನು ನೋಡಿದ. “ಟೆಸ್ಟಿಂಗ್‌ಗೆ ಹೊಸ ಅಂತ ಮೂರು ಮಾಡಿದ್ದೆ. ಹೊಸಬಾಳೆದೂ ಬಂದ್ ಇತ್ತು, ಅದೂ ಹೊಸದು ಅಂದ್ಕೊಂಡೆ...” ಎಂದ.

“ನಮ್ಮೂರು ನಿನಗೆ ಹೊಸದು ಕಂಡಿತೇನೋ! ನಮ್ಮಜ್ಜನ ಅಜ್ಜ ಹುಟ್ಟಿದ್ದು ಅಲ್ಲಿ” ಎಂದಳು ಕರಿಯಮ್ಮ. ಸಭೆ ಗೊಳ್ಳೆಂದು ನಕ್ಕಿತು. ಮೂರೂ ಊರಿನವರು ನಕ್ಕರು. ಅವನ ಕಿವಿ ಕೆಂಪಾಗುವುದನ್ನು ನಾನು ಪೂರ್ತಿ ನೋಡಿದೆ. ಅದಕ್ಕೆಂದೇ ಆರು ವಾರ ಕಾದಿದ್ದೆ.

ಸಂಘ ಅವನನ್ನು ಆ ದಿನವೇ ಕೆಲಸದಿಂದ ಬಿಡಿಸಿತು. ನಾನು ಅಲ್ಲಿಗೆ ನಿಲ್ಲಿಸಲಿಲ್ಲ. ಅವನು ಕೆಲಸ ಮಾಡುತ್ತಿದ್ದ ಇನ್ನೆರಡು ಕಡೆಗೆ ಸಭೆಯ ನಡಾವಳಿಯ ಪ್ರತಿ ಕಳಿಸಿದೆ. ಅವರೂ ಅವನನ್ನು ಬಿಡಿಸಿದರು. ಎರಡು ತಿಂಗಳ ಮೇಲೆ ಅವನು ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂತ. “ಅಕ್ಕಾರೆ, ತಪ್ಪಾತು. ಹೆದರಿ ಹಾಗೆ ಬರೆದೆ. ಇನ್ನು ಸಾಕು ಮಾಡ್ರಿ” ಎಂದ. ಅರ್ಧ ಗಂಟೆ ಕೂತಿದ್ದ. ಮನೆಗೆ ಬಂದವರಿಗೆ ನೀರು ಕೊಡದೆ ನಾನು ಯಾವತ್ತೂ ಕಳಿಸಿದವಳಲ್ಲ. ಅವನಿಗೆ ಕೊಡಲಿಲ್ಲ.

ಅತ್ತಿಗೆಗೆ ಸುದ್ದಿ ಸಭೆಯಾದ ಸಂಜೆಯೇ ಮುಟ್ಟಿತ್ತು. ಮಾರನೆಯ ದಿನ ಬಂದಳು. ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ.

“ಮದುವೆ ದಿನ ನಿಂಗೆ ಇದು ಗೊತ್ತಿತ್ತಾ?” ಎಂದಳು.

“ಗೊತ್ತಿತ್ತು.”

“ನಾನು ಅತ್ತಾಗ?”

“ಗೊತ್ತಿತ್ತು ಅತ್ತಿಗೆ. ಸಭೆ ಆಗ್ಲಿ ಅಂತ...”

“ನೀನು ಅವನ್ನ ಬೀಳಿಸೋಕೆ ಕಾದೆ. ನಿಮ್ಮಣ್ಣನ ಹೆಸರು ಉಳಿಸೋಕಾಗಿದ್ರೆ ಅವತ್ತೇ ಹೇಳ್ತಿದ್ದೆ” ಎಂದು ಎದ್ದು ಹೋದಳು.

ಈಗ ಅಣ್ಣನ ಜಾಗದಲ್ಲಿ ನಾನಿದ್ದೇನೆ. ಬ್ಯಾಕಪ್ ಸ್ಕ್ರಿಪ್ಟಿನಲ್ಲಿ ಆ ಒಂದು ಪದ ಸೇರಿಸಿದ್ದೇನೆ. ಈ ಕೆಲಸ ನನಗೆ ಕಲಿಸಿದ್ದನ್ನು ಕೆಲಸಕ್ಕೆ ಸೇರುವವರಿಗೆಲ್ಲ ಹೇಳುತ್ತೇನೆ. ಅಳಿಸುವ ಮುಂಚೆ ಪ್ರತಿ ಹೆಸರನ್ನೂ ಕೊನೆಯ ಅಕ್ಷರದವರೆಗೆ ಬಾಯಿ ಬಿಟ್ಟು ಓದಬೇಕು. ಸಹೋದ್ಯೋಗಿ ಸತ್ತರೆ ಅವರ ಲಾಗಿನ್ನನ್ನು ಅದೇ ದಿನ ಮುಚ್ಚಬೇಕು, ಸೂತಕ ಕಳೆಯಲಿ ಎಂದು ಕಾಯಬಾರದು. ತೆರೆದಿಟ್ಟರೆ ಯಾರೋ ಬಂದು ಅವರ ಕೈಯಿಂದ ಏನನ್ನಾದರೂ ಮಾಡಿಸುತ್ತಾರೆ. ನಿರ್ದೋಷಿ ಎಂದು ತೋರಿಸುವ ಕಾಗದ ಕೈಗೆ ಸಿಕ್ಕಿದರೆ ಅದನ್ನೂ ಅವತ್ತೇ ತೋರಿಸಬೇಕು. ಈ ಕೊನೆಯದನ್ನು ಹೇಳುವಾಗ ನನ್ನ ಧ್ವನಿ ಅಷ್ಟು ಗಟ್ಟಿಯಾಗಿರುವುದಿಲ್ಲ. ಆ ಮನುಷ್ಯನಿಗೆ ಮಾಡಿದ್ದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ.

ಹೊಸಬಾಳೆಯಲ್ಲಿ ಈಗ ಅಣ್ಣನ ಹೆಸರನ್ನು ಗೌರವದಿಂದಲೇ ಹೇಳುತ್ತಾರೆ. ಆ ಊರಿನ ಐದು ವರ್ಷದ ದಾಖಲೆ ಸಿಕ್ಕಿಲ್ಲ. ಅತ್ತಿಗೆ ನಮ್ಮ ಮನೆಗೆ ಮತ್ತೆ ಬಂದಿಲ್ಲ.