ಆಯಿಯ ತಾಟು

ಇವತ್ತು ಅವರ್ಸಾದ ನಮ್ಮ ಓಣಿಯಲ್ಲಿ ಪ್ರವಾಸಿಗರ ಕ್ಯಾರವಾನ್ ಸಿಕ್ಕಿಹಾಕಿಕೊಂಡಿತ್ತು. ಬೀಪ್ ಬೀಪ್ ಎನ್ನುತ್ತ ಅದು ಹಿಂದಕ್ಕೆ ಬರುವುದನ್ನು ನೋಡಿ ಆಯಿಯ ತಾಟಿನ ಸದ್ದು ನೆನಪಾಯಿತು. ಅಮ್ಮನನ್ನು ನಾನು ಆಯಿ ಎಂದೇ ಕರೆಯುತ್ತಿದ್ದೆ.

ಹುಲ್ಲು ತುಂಬಿದ ಟ್ರೇಲರನ್ನು ಅಪ್ಪ ಇದೇ ಓಣಿಯ ಎರಡೂ ಬದಿಯ ಪಾಗಾರದ ಗೋಡೆಗಳ ನಡುವೆ ಹಿಮ್ಮುಖವಾಗಿ ತರುತ್ತಿದ್ದ. ಹಿಂದೇನೂ ಕಾಣದು, ಟ್ರ್ಯಾಕ್ಟರಿನ ಗದ್ದಲದಲ್ಲಿ ಕೂಗಿದರೂ ಕೇಳದು. ಹಾಗಾಗಿ ಆಯಿ ಟ್ರೇಲರಿನ ಹಿಂದೆ ಸೌಟಿನಿಂದ ಸ್ಟೀಲಿನ ತಾಟು ಬಡಿಯುತ್ತ ನಡೆಯುತ್ತಿದ್ದಳು.

"ಬಡ್ಯೂದು ನಿಂತ್ರೆ ನಿಲ್ಸಿ. ನಾ ಬಿದ್ರೂ ನಿಮ್ಗೆ ಗೊತ್ತಾಗ್ಬೇಕಲಾ" ಎನ್ನುತ್ತಿದ್ದಳು.

ಆಯಿ ತೀರಿಕೊಂಡ ಮೇಲೆ ಅಪ್ಪ ಟ್ರೇಲರನ್ನು ಹೆದ್ದಾರಿಯ ಬದಿಯಲ್ಲೇ ಬಿಟ್ಟು, ಹುಲ್ಲನ್ನು ತಲೆಯ ಮೇಲೆ ಹೊತ್ತು ತರತೊಡಗಿದ. ನಾನು ತಾಟು ಹಿಡಿದು ಬಂದರೂ ಬೇಡವೆಂದ.

ಕ್ಯಾರವಾನ್ ಕೊನೆಗೂ ಹೊರಬಿದ್ದು ಬೀಪ್ ಸದ್ದು ತಟ್ಟನೆ ನಿಂತಿತು. ಜಗಲಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ ಅಪ್ಪನ ಬಲಗಾಲು, ಬ್ರೇಕ್ ತುಳಿದಂತೆ, ನೆಲವನ್ನು ಒತ್ತಿ ಹಿಡಿದಿತ್ತು.